ಕಡವಿನಮ್ಮನ ಎರಡು ಹೊಗೆ

ಆ ಊರಿಗೆ ಇನ್ನೂ ಬೆಳಗಾಗಿರಲಿಲ್ಲ. ಹಾಗೆಂದು ಅಲ್ಲಿ ರಾತ್ರಿಯೂ ಇರಲಿಲ್ಲ. ಹಗಲನ್ನು ಕಂಡ ಊರಿಗೆ ಮಾತ್ರ ರಾತ್ರಿ ಬರುತ್ತದೆ. ಅಲ್ಲಿದ್ದದ್ದು ಹಾಲಿನ ಕೆನೆಯಂಥ ಮಂಜು, ಹದವಾದ ಬಿಸುಪು, ಮತ್ತು ಎಲ್ಲ ದಿಕ್ಕುಗಳಿಂದಲೂ ಕೇಳುವ, ಯಾರೋ ದೂರದಲ್ಲಿ ಒನಕೆಯಿಂದ ಕುಟ್ಟುತ್ತಿರುವಂಥ ಒಂದೇ ಸಮನಾದ ಸದ್ದು. ಆ ಸದ್ದು ಎಂದು ಶುರುವಾಯಿತೆಂದು ಊರಿನಲ್ಲಿ ಯಾರಿಗೂ ತಿಳಿಯದು. ಅದು ನಿಂತದ್ದನ್ನು ಯಾರೂ ಕೇಳಿರಲಿಲ್ಲ.

ಊರಿಗೆ ದಾರಿಗಳಿರಲಿಲ್ಲ. ದಾರಿ ಮೊದಲಿದ್ದು ಜನ ಆಮೇಲೆ ನಡೆಯುವುದು ಬೇರೆ ಊರುಗಳ ಪದ್ಧತಿ. ಇಲ್ಲಿ ನಡೆದವರೇ ದಾರಿಯಾಗುತ್ತಿದ್ದರು. ಒಳಗಿನ ಅಂಗಳದಲ್ಲಿ ಹುಟ್ಟಿದ ಪ್ರತಿಯೊಬ್ಬಳ ಸೊಂಟದಿಂದಲೂ ಒಂದು ನೂಲು ಬೆಳೆಯುತ್ತಿತ್ತು. ಅದರ ತುದಿಯನ್ನು ಅಂಗಳದ ಗೂಟಕ್ಕೆ ಕಟ್ಟಿ, ಬೆಳೆದಷ್ಟನ್ನೂ ಎಳೆದುಕೊಂಡು, ಹತ್ತೂ ಬೆರಳುಗಳನ್ನು ಹರಡಿ ಗಾಳಿಯನ್ನು ತಡವುತ್ತಾ ಅವಳು ಮಂಜಿನೊಳಗೆ ಹೊರಡಬೇಕು. ಊರಿನ ಯಾವುದೋ ಅಂಚಿನಲ್ಲಿ ಅವಳಿಗೆಂದೇ ಒಂದು ಬಾಗಿಲಿದೆ. ಆ ಬಾಗಿಲಿನಲ್ಲಿ ಒಬ್ಬಾಕೆ ಕೈಯಲ್ಲಿ ತುತ್ತು ಹಿಡಿದು ಕಾದಿದ್ದಾಳೆ. ಬಾಗಿಲು ಮುಟ್ಟಿ, ತುತ್ತನ್ನು ಉಂಡು, ನೂಲನ್ನು ಅಲ್ಲಿನ ಚಿಲಕಕ್ಕೆ ಗಂಟು ಹಾಕಿದವಳು ಉಳಿಯುತ್ತಾಳೆ. ಮುಟ್ಟದವಳು ಹಗುರಾಗುತ್ತಾ ಹಗುರಾಗುತ್ತಾ ಮಂಜಿನಲ್ಲಿ ಮಂಜಾಗುತ್ತಾಳೆ. ಅವಳ ನೂಲನ್ನು ಊರು ಮರಳಿ ಮಣ್ಣಿಗೆ ತೆಗೆದುಕೊಳ್ಳುತ್ತದೆ. ಅವಳಿಗಾಗಿ ಕಾದ ಬಾಗಿಲು ಮೂಕವಾಗುತ್ತದೆ. ಅದಕ್ಕೆ ಅಳುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಅದನ್ನು ಬಯಸುವ ಪದ್ಧತಿಯೂ ಇರಲಿಲ್ಲ.

ಬಾಗಿಲು ಎಲ್ಲಿದೆಯೆಂದು ಯಾರೂ ಹೇಳಿಕೊಡುವುದಿಲ್ಲ. ಮೂಗು ಹೇಳಬೇಕು.

ಅದಕ್ಕಾಗಿಯೇ ಹೊರಡುವ ಮೊದಲು ಅಂಗಳದ ಸೂಲಗಿತ್ತಿ ಪ್ರತಿಯೊಬ್ಬಳ ಎಡಹೊಳ್ಳೆಗೆ ಒಂದು ಚಿಟಿಕೆ ಜೇನುಮೇಣ ಇಟ್ಟು ಮುಚ್ಚುತ್ತಿದ್ದಳು. ಬಲಹೊಳ್ಳೆಗೆ ತಿಳಿಯುವುದು ಸಿಹಿ ವಾಸನೆ. ಎಡಹೊಳ್ಳೆಗೆ ತಿಳಿಯುವುದು ಕಹಿ. ಹೊರಡುವವರಿಗೆ ಮೊದಲು ಸಿಹಿಯಷ್ಟೇ ತಿಳಿಯಲಿ, ಕಹಿ ತಿಳಿಯಬೇಕಾದಲ್ಲಿ ತಿಳಿಯಲಿ ಎಂಬುದು ನಿಯಮ.

ತಿಳಿಯಬೇಕಾದ ಸ್ಥಳ ನಡುಹಳ್ಳ. ಊರನ್ನು ಸರಿಯಾಗಿ ಎರಡು ಹೋಳು ಮಾಡಿ ಹರಿಯುವ ಆ ಹಳ್ಳದ ನಡುವೆ ಒಂದು ಚಪ್ಪಟೆ ಬಂಡೆ. ಬಂಡೆಯ ಮೇಲೆ ಒಂದು ಒಲೆ. ಒಲೆಯ ಹಿಂದೆ, ಹಳ್ಳ ದಾಟುವ ಆ ಕಡವನ್ನು ಕಾಯುವ ಕಡವಿನಮ್ಮ.

ಕಡವಿನಮ್ಮ ಕಟ್ಟುನಿಟ್ಟಿನವಳು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಬೆನ್ನನ್ನು ನೆಟ್ಟಗೆ ಇಟ್ಟು, ಯಾರಿಗೂ ಒಂದು ಮಾತು ಹೆಚ್ಚು ಆಡದೆ, ಒಂದು ಮಾತು ಕಡಿಮೆ ಆಡದೆ ಕೆಲಸ ಮಾಡುತ್ತಿದ್ದಳು. ಒಲೆಯ ಮೇಲೆ ಒಂದು ಮಣ್ಣಿನ ಮಡಕೆ, ಅದರಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಪಕ್ಕದ ಕೋಡೊಲೆಯ ಮೇಲೆ ಇನ್ನೊಂದು ಮಡಕೆ, ಅದರಲ್ಲಿ ಬೆಳ್ಳುಳ್ಳಿ ಸಿಪ್ಪೆ, ಓಮ, ಬೇವಿನ ಒಣಗಿದ ಎಲೆ. ಎರಡು ಮಡಕೆಗಳಿಂದಲೂ ಎರಡು ಹೊಗೆ ಒಟ್ಟಿಗೇ ಏಳುತ್ತಿದ್ದವು. ನೂಲಿನವರಿಗೆ ಹಳ್ಳದ ಈಚೆ ದಡದಿಂದಲೇ ಸಾಂಬ್ರಾಣಿ ತಿಳಿಯುತ್ತಿತ್ತು. ಅದನ್ನೇ ಹಿಡಿದು ನೀರಿಗಿಳಿದು ಬಂಡೆ ಹತ್ತುತ್ತಿದ್ದರು.

"ಆಹಾ ಅಮ್ಮಾ, ಎಂಥ ಪರಿಮಳ! ಇಲ್ಲೇ ಇದ್ದುಬಿಡೋಣ ಅನ್ಸುತ್ತೆ."

"ಇರುವುದಕ್ಕೆ ಅಲ್ಲ ಇದು. ತಿರುಗಿ ನಿಲ್ಲು."

ಮೊದಲು ಮುಖವನ್ನು ಆಚೆ ದಡಕ್ಕೆ ತಿರುಗಿಸಬೇಕು, ಆಮೇಲೆ ಕಡ್ಡಿಯಿಂದ ಎಡಹೊಳ್ಳೆಯ ಮೇಣವನ್ನು ತೆಗೆಯಬೇಕು. ಈ ಕ್ರಮ ತಪ್ಪಕೂಡದು. ತಪ್ಪಿದರೆ ಓಡುವವಳು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿಯಾಳು. ಕಡವಿನಮ್ಮ ಎಂದೂ ತಪ್ಪಿದವಳಲ್ಲ. ಮೇಣ ಹೊರಬಂದ ಕ್ಷಣವೇ ಕೋಡೊಲೆಯ ಹೊಗೆ ನೂಲಿನವಳ ಮೂಗಿಗೆ ಬಡಿಯುತ್ತಿತ್ತು.

"ಥೂ! ಏನಿದು ಗಬ್ಬುನಾತ! ಇಷ್ಟು ಹೊತ್ತು ಇದರಲ್ಲೇ ನಿಂತಿದ್ನಾ?"

ಸೆರಗಿನಿಂದ ಮೂಗು ಮುಚ್ಚಿಕೊಂಡು ಅವರು ಆಚೆ ದಡಕ್ಕೆ ಓಡುತ್ತಿದ್ದರು. ಎಷ್ಟು ದೂರ ಓಡಿದರೂ ಬೆನ್ನಿಗೆ ಆ ಹೊಗೆಯ ನೆನಪು ಅಂಟಿಕೊಂಡೇ ಇರುತ್ತಿತ್ತು. ಹಾಗಾಗಿ ಯಾರೂ ಹಳ್ಳವನ್ನು ಎರಡನೆಯ ಸಲ ದಾಟಲಿಲ್ಲ. ಕರೆದ ಒಲೆಯೇ ಅಟ್ಟುತ್ತದೆ. ಅಟ್ಟಿದ್ದರಿಂದಲೇ ಆಚೆಗಿನ ಸಣ್ಣ ವಾಸನೆಗಳು ಅವರಿಗೆ ತಿಳಿಯುತ್ತವೆ. ಅದು ಆ ಊರಿನ ವ್ಯವಸ್ಥೆ.

ಬಂಡೆಯ ಪಕ್ಕದಲ್ಲಿ ಕಂಬದಜ್ಜ ನಿಂತಿದ್ದ. ಅವನ ಕಾಲು ಅಂಗಳದಲ್ಲಿ, ತಲೆ ಊರಿನ ಅಂಚಿನಲ್ಲಿ, ನಡುವಿನದೆಲ್ಲ ಬೆನ್ನು. ನೂಲಿನವರಿಗೆ ದಿಕ್ಕು ತಪ್ಪಿದರೆ ಅವನ ಬೆನ್ನನ್ನು ಹಿಡಿದು ಸ್ವಲ್ಪ ದೂರ ಹತ್ತುತ್ತಿದ್ದರು. ಅಂಚಿನಲ್ಲಿ ಕಿವಿಗೆ ಬಿದ್ದದ್ದನ್ನು ಅವನು ಕಡವಿನಲ್ಲಿ ಹೇಳುತ್ತಿದ್ದ. ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ.

"ಬರುವಾಗ ಅಮ್ಮ, ಹೋಗುವಾಗ ಗುಮ್ಮ!" ಎಂದು ಅವನು ಪ್ರತಿ ಸಲವೂ ನಗುತ್ತಿದ್ದ. "ಒಬ್ಬಳಾದರೂ ತಿರುಗಿ ನೋಡಿ, ಹೋಗ್ಬರ್ತೀನಿ ಅಂದಿದ್ದಾಳೇನೇ ತಾಯಿ?"

"ಹೋಗಿ ಬರುವುದು ಇಲ್ಲಿ ಇಲ್ಲ ಅಜ್ಜ. ಹೋಗುವುದು ಮಾತ್ರ. ಬೈದು ಹೋದರೆ ಮೂಗು ಸರಿಯಾಗಿದೆ ಎಂದರ್ಥ."

ಹಾಗೆಂದು ಅವಳು ಬೂದಿ ಕೆದಕುತ್ತಿದ್ದಳು. ಬೈಗುಳ ಅವಳಿಗೆ ಸಂಬಳವಿದ್ದಂತೆ. ಒಬ್ಬಳು ಹೆಚ್ಚು ಬೈದಷ್ಟೂ ಕಡವಿನಮ್ಮನ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ಹಾಗಿರುವಾಗ ಆ ಹುಡುಗಿ ಬಂದಳು.

ಅವಳೂ ಎಲ್ಲರಂತೆ ಬೆರಳು ಹರಡಿಕೊಂಡು, ನೂಲು ಎಳೆದುಕೊಂಡು, ನೀರು ಸೋರಿಸುತ್ತಾ ಬಂಡೆ ಹತ್ತಿದಳು. ಒಂದೇ ವ್ಯತ್ಯಾಸ: ಅವಳಿಗೆ ತನ್ನ ನೂಲನ್ನು ಬೆರಳಿನಿಂದ ಮೀಟುವ ಚಟವಿತ್ತು. ಮೀಟಿದಾಗ ಅದು ಟುಂಯ್ ಎನ್ನುತ್ತಿತ್ತು.

"ಅದೇನು ಆಟ?" ಎಂದಳು ಕಡವಿನಮ್ಮ.

"ಅಂಗಳದ ಗೂಟಕ್ಕೆ ಹೇಳ್ತಿದೀನಿ ಅಮ್ಮಾ, ಇನ್ನೂ ಇದೀನಿ ಅಂತ. ಪಾಪ, ಅದು ಒಂದೇ ನಿಂತಿರುತ್ತೆ."

"ಗೂಟಕ್ಕೆ ಬೇಸರವಾಗುವುದಿಲ್ಲ. ತಿರುಗಿ ನಿಲ್ಲು."

ಹುಡುಗಿ ತಿರುಗಿದಳು. ಕಡವಿನಮ್ಮ ಕಡ್ಡಿ ಎತ್ತಿಕೊಂಡಳು. ಆಗ ಹುಡುಗಿ ಆಚೆ ದಡವನ್ನೇ ನೋಡುತ್ತಾ ಕೇಳಿದಳು:

"ಅಮ್ಮಾ, ಇಷ್ಟು ಒಳ್ಳೇ ವಾಸನೆ ಮಾಡ್ತೀರಲ್ಲ, ನಿಮಗೆ ಅದು ತಿಳಿಯತ್ತಾ?"

ಕಡ್ಡಿ ಗಾಳಿಯಲ್ಲೇ ನಿಂತಿತು. ಅಷ್ಟು ಜನ ಬಂದುಹೋಗಿದ್ದರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಡವಿನಮ್ಮನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಲೆಯ ಹಿಂದೆ ನಿಂತು ನಿಂತು ಅವಳ ಮೂಗು ಎಂದೋ ಸುಮ್ಮನಾಗಿತ್ತು. ಸಾಂಬ್ರಾಣಿ ಎಷ್ಟು, ಬೆಳ್ಳುಳ್ಳಿ ಸಿಪ್ಪೆ ಎಷ್ಟು ಎಂಬುದನ್ನು ಅವಳು ಕೈಯ ಅಳತೆಯಿಂದ ಹಾಕುತ್ತಿದ್ದಳು, ಸರಿಯಾಯಿತೇ ಎಂಬುದನ್ನು ಬಂದವರ ಮುಖ ನೋಡಿ ತಿಳಿಯುತ್ತಿದ್ದಳು.

"ಇಲ್ಲ," ಎಂದಳು.

"ಅಯ್ಯೋ! ಹಾಗಾದ್ರೆ ನಾನು ಹೇಳ್ತೀನಿ ಕೇಳಿ. ಎಣ್ಣೆ ಹಚ್ಚಿ ನೀರು ಹಾಕಿ, ಬೆಚ್ಚಗೆ ಸುತ್ತಿ ಮಲಗಿಸಿದ ಹಾಗಿದೆ."

ಕಡವಿನಮ್ಮ ಕಡ್ಡಿಯನ್ನು ಕೆಳಗಿಟ್ಟಳು. "ನಿನ್ನ ನೂಲು ಒದ್ದೆಯಾಗಿದೆ," ಎಂದಳು. "ಸ್ವಲ್ಪ ಕೂತುಕೋ. ಒಣಗಲಿ."

ಆ ಊರಿನಲ್ಲಿ ನೂಲು ಯಾವತ್ತೂ ಒಣಗುವುದಿಲ್ಲ. ಒಣಗಿದ ನೂಲು ನೂಲೇ ಅಲ್ಲ. ಅದು ಕಡವಿನಮ್ಮನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಂಬದಜ್ಜನಿಗೂ ಗೊತ್ತಿತ್ತು. ಅವನು ಒಮ್ಮೆ ಕೆಮ್ಮಿದ.

ಹುಡುಗಿ ಒಲೆಯ ಪಕ್ಕದಲ್ಲಿ ಕುಳಿತಳು. ಕುಳಿತಲ್ಲೇ ಮಾತಾಡಿದಳು. ಬಂದುಹೋಗುವವರನ್ನು ನೋಡಿ ನಕ್ಕಳು, ಮೂಗು ಮುಚ್ಚಿ ಓಡುವವರನ್ನು ಕಂಡು, "ಇವರಿಗೆಲ್ಲ ಏನಾಗಿದೆ ಅಮ್ಮಾ? ಇಂಥ ಪರಿಮಳ ಬಿಟ್ಟು ಓಡ್ತಾರಲ್ಲ!" ಎಂದಳು. ಆ ಮಾತು ಕೇಳುವುದಕ್ಕೆ ಕಡವಿನಮ್ಮನಿಗೆ ಹಿತವಾಗಿತ್ತು. ಇಷ್ಟು ಕಾಲದಲ್ಲಿ ಒಬ್ಬಳು ತನ್ನನ್ನು ಅಮ್ಮ ಎಂದೇ ಕರೆಯುತ್ತಾ ಉಳಿದಿದ್ದಾಳೆ ಎನ್ನಿಸಿತು. ಒಬ್ಬಳಿಂದ ಏನಾಗುತ್ತದೆ? ಊರು ದೊಡ್ಡದು. ಬಾಗಿಲುಗಳು ಬೇಕಾದಷ್ಟಿವೆ.

ಆದರೆ ನೂಲು ನಡೆದರೂ ಬೆಳೆಯುತ್ತದೆ, ಕುಳಿತರೂ ಬೆಳೆಯುತ್ತದೆ. ಹುಡುಗಿಯ ನೂಲು ಬಂಡೆಯ ಮೇಲೆ ಬಿದ್ದು ಹರಡತೊಡಗಿತು. ಬಂದವರು ಅದನ್ನು ತುಳಿದು ಮುಗ್ಗರಿಸಿದರು.

"ಏ, ಯಾರ್ದಿದು? ದಾರೀಲಿ ಹಾಸ್ಕೊಂಡು ಕೂತಿದಾಳೆ ಮಹಾರಾಣಿ!"

ಕಡವಿನಮ್ಮನಿಗೆ ಅಸ್ತವ್ಯಸ್ತವೆಂದರೆ ಆಗದು. ಅವಳು ಹುಡುಗಿಯ ನೂಲನ್ನು ಎತ್ತಿ, ಸುಕ್ಕಿಲ್ಲದಂತೆ, ಸಿಕ್ಕಿಲ್ಲದಂತೆ, ಸುತ್ತಿನ ಮೇಲೆ ಸುತ್ತಾಗಿ ಸಿಂಬಿ ಮಾಡಿ ಒಲೆಯ ಮರೆಯಲ್ಲಿಟ್ಟಳು. ಸಿಂಬಿ ಬೆಳೆಯಿತು. ಮೊದಲು ಮಡಕೆ ಇಡುವಷ್ಟು, ಆಮೇಲೆ ಮಣೆಯಷ್ಟು, ಆಮೇಲೆ ಹುಡುಗಿಗಿಂತ ಎತ್ತರ.

ನೂಲು ಬೆಳೆದಷ್ಟೂ ಹುಡುಗಿ ಕರಗುತ್ತಿದ್ದಳು. ಒಲೆಯ ಕೆಂಪು ಅವಳ ಕೈಯನ್ನು ಹಾದು ಆಚೆಗೆ ಕಾಣತೊಡಗಿತು. ಕಡವಿನಮ್ಮ ನೋಡಿದಳು, ನೋಡಿಯೂ ಬೇರೆ ಕಡೆ ನೋಡಿದಳು. ಕೊನೆಗೆ ಸಾಂಬ್ರಾಣಿಯ ಮಡಕೆಯನ್ನು ಒಲೆಯಿಂದ ಇಳಿಸದೆ, ಕೆಂಡದ ಅಂಚಿನಲ್ಲೇ ರಾಗಿ ಹಿಟ್ಟು ಕದಡಿ, ಬೆಲ್ಲ ಹಾಕಿ, ಗಂಟಾಗದಂತೆ ತಿರುವಿ ಮಣ್ಣಿ ಮಾಡಿದಳು. ಬಾಗಿಲಿನಾಕೆ ಕೊಡುವ ತುತ್ತನ್ನು ತಾನು ಕೊಟ್ಟರೆ ಆಗದೇನು? ರಾಗಿ ರಾಗಿಯೇ, ಬೆಲ್ಲ ಬೆಲ್ಲವೇ.

ಹುಡುಗಿ ಉಂಡಳು. "ಎಷ್ಟು ರುಚಿಯಾಗಿದೆ ಅಮ್ಮಾ," ಎಂದಳು. ಉಂಡಷ್ಟೂ ಹಗುರಾದಳು.

ಆಗ ಕಂಬದಜ್ಜ ಬಾಯಿ ತೆರೆದ.

"ತಾಯಿ, ಒಂದು ಸುದ್ದಿ. ಅಂಚಿನಲ್ಲಿ ಐದು ಓಣಿಯ ಕೇರಿ ಇದೆಯಲ್ಲ."

ಐದು ಓಣಿಯ ಕೇರಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಊರು ಎಚ್ಚರವಾಗುವ ದಿನ ಮೊದಲು ಕೆಲಸಕ್ಕೆ ಬರುವುದು ಆ ಕೇರಿ ಎಂದು ಸೂಲಗಿತ್ತಿ ಹೇಳುತ್ತಿದ್ದಳು. ಐದು ಓಣಿಗಳೂ ಒಟ್ಟಿಗೆ ಮಡಿದು ಏನನ್ನೋ ಹಿಡಿಯಬೇಕಂತೆ. ಏನನ್ನು ಎಂಬುದು ಅವಳಿಗೂ ಗೊತ್ತಿರಲಿಲ್ಲ.

"ಇದೆ. ಅದಕ್ಕೇನು?"

"ನಾಲ್ಕು ಓಣಿಗೂ ಗಂಟು ಬಿದ್ದಾಗಿದೆ. ಐದನೇದು, ಎಲ್ಲಕ್ಕಿಂತ ಸಣ್ಣದು, ಅದರ ಬಾಗಿಲಲ್ಲಿ ಒಬ್ಬಾಕೆ ತುತ್ತು ಹಿಡ್ಕೊಂಡು ಕೂತಿದಾಳೆ. ಆರಿಹೋಗಿತ್ತು, ಮತ್ತೆ ಬಿಸಿ ಮಾಡಿದ್ದಾಳೆ. ಇನ್ನು ತಳ ಹತ್ತತ್ತೆ ಅಂತಿದಾಳೆ. ಕಡವಿನಲ್ಲಿ ಯಾರಾದರೂ ತಡೆದರಾ ಅಂತ ಕೇಳ್ತಿದಾಳೆ. ನಾನೇನು ಹೇಳಲಿ?"

"ನನ್ನ ಕಡವಿನಲ್ಲಿ ಯಾರೂ ತಡೆಯುವುದಿಲ್ಲ ಎಂದು ಹೇಳು."

"ಹಾಗೇ ಹೇಳಲಾ?"

"ಹಾಗೇ ಹೇಳು."

ಅಜ್ಜ ಮೆಲ್ಲಗೆ ಅಂದ: "ನನ್ನ ಬೆನ್ನು ಉದ್ದ ತಾಯಿ. ಒಂದು ತುದೀಲಿ ಸುಳ್ಳು ಹೇಳಿದ್ರೆ ಇನ್ನೊಂದು ತುದಿವರೆಗೂ ನೋಯತ್ತೆ."

ಕಡವಿನಮ್ಮ ಹುಡುಗಿಯ ಕಡೆ ನೋಡಿದಳು. ಹುಡುಗಿ ಅಭ್ಯಾಸದಂತೆ ನೂಲನ್ನು ಮೀಟಿದಳು. ಸದ್ದು ಬರಲಿಲ್ಲ. ಮತ್ತೆ ಮೀಟಿದಳು. ಬೆರಳು ನೂಲಿನ ಮೂಲಕ ಹೊಗೆಯಂತೆ ಹಾದುಹೋಯಿತು. ಹುಡುಗಿ ಬೆರಳನ್ನು ಅಚ್ಚರಿಯಿಂದ ನೋಡಿಕೊಂಡು ನಕ್ಕಳು.

"ಗೂಟ ಕಾಯ್ತಿರತ್ತೆ ಅಮ್ಮಾ," ಎಂದಳು. "ನಾನಿಲ್ಲ ಅಂದ್ಕೊಳ್ಳತ್ತೆ."

ಕಡವಿನಮ್ಮ ಎದ್ದಳು. ಹುಡುಗಿಯನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿದಳು. ಬರಿದಾದ ಮಣ್ಣಿಯ ಪಾತ್ರೆಗೆ ಇದ್ದಷ್ಟೂ ಭಾರ ಅವಳಿಗಿರಲಿಲ್ಲ.

"ತಿರುಗಿ ನಿಲ್ಲು."

"ನೂಲು ಒಣಗಿತಾ?"

"ಒಣಗುವ ನೂಲಲ್ಲ ಅದು. ತಿರುಗು."

ಮುಖವನ್ನು ಆಚೆ ದಡಕ್ಕೆ ತಿರುಗಿಸಿದಳು. ಕಡ್ಡಿ ತೆಗೆದುಕೊಂಡಳು. ಒಲೆಯ ಬಿಸಿಗೆ ಮೇಣ ಕರಗಿ ಹೊಳ್ಳೆಗೆ ಅಂಟಿಹೋಗಿತ್ತು. ಕಡವಿನಮ್ಮನ ಕೈ ಅಲುಗಲಿಲ್ಲ. ಕೆಲಸದಲ್ಲಿ ಅವಳ ಕೈ ಅಲುಗುವುದು ಎಂದರೇನೆಂದು ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪಸ್ವಲ್ಪವಾಗಿ ಬಿಡಿಸಿ, ಪೂರ್ತಿ ತೆಗೆದು, ಆ ಚಿಟಿಕೆಯನ್ನು ಕೆಂಡಕ್ಕೆ ಹಾಕಿದಳು. ಆಮೇಲೆ ಬೈಗುಳಕ್ಕೆ ಕಾದಳು.

ಹುಡುಗಿ ಮೂಗು ಸುಕ್ಕಿಸಿದಳು. "ಏನೋ ಸುಡ್ತಿದೆ ಅಮ್ಮಾ," ಎಂದಳು. ಆಮೇಲೆ, "ಪರವಾಗಿಲ್ಲ ಬಿಡಿ. ನಿಮ್ಮನೇದು ತಾನೇ?" ಎಂದು ಮತ್ತೆ ಕುಳಿತುಕೊಳ್ಳಲು ಹೋದಳು.

ಕಡವಿನಮ್ಮ ಎಲ್ಲವನ್ನೂ ಲೆಕ್ಕ ಹಾಕಿದ್ದಳು, ಇದನ್ನು ಹಾಕಿರಲಿಲ್ಲ. ಹೊಗೆಗಿಂತ ಮೊದಲು ಹೊಗೆ ಹಾಕುವವಳ ಪರಿಚಯವಾದರೆ ಮೂಗು ಕಹಿಯನ್ನೂ ಕ್ಷಮಿಸಿಬಿಡುತ್ತದೆ. ನಿಯಮ ಮಾಡಿದವರು ಯಾರೋ, ಇದನ್ನು ತಿಳಿದೇ ಮಾಡಿದ್ದರು. ಒಂದು ಮಾತು ಹೆಚ್ಚು ಆಡಬಾರದು ಎಂದದ್ದು ಇದಕ್ಕಾಗಿ.

"ಕೂರಬೇಡ!"

ಸಾಂಬ್ರಾಣಿಯ ಮಡಕೆಗೆ ಅವಳು ಮುಚ್ಚಳ ಮುಚ್ಚಿದಳು. ಕಡವು ಕಡವಾದಂದಿನಿಂದ ಆ ಮಡಕೆಯನ್ನು ಯಾರೂ ಮುಚ್ಚಿರಲಿಲ್ಲ. ಕೋಡೊಲೆಗೆ ಇದ್ದ ಬೆಳ್ಳುಳ್ಳಿ ಸಿಪ್ಪೆಯನ್ನೆಲ್ಲ ಸುರಿದಳು, ಓಮವನ್ನೆಲ್ಲ ಸುರಿದಳು, ಬೇವನ್ನು ಕೊಂಬೆ ಸಮೇತ ಮುರಿದು ತುರುಕಿದಳು. ಅದೂ ಸಾಲದೆಂದು ತಾನು ಕೂರುವ ಹಳೆಯ ಚಾಪೆಯನ್ನು ಕಿತ್ತು ಹಾಕಿದಳು. ಹೊಗೆ ಕಪ್ಪಾಗಿ ಎದ್ದು ಮಂಜನ್ನು ಸೀಳಿತು. ಈಚೆ ದಡದಲ್ಲಿ ಕಾದಿದ್ದವರಿಗೆ ಏನೂ ತಿಳಿಯಲಿಲ್ಲ. ಅವರ ಮೇಣ ಅವರಲ್ಲಿತ್ತು. ಸಾಂಬ್ರಾಣಿ ಎಲ್ಲಿ ಹೋಯಿತೆಂದು ಮಾತ್ರ ಅವರು ತಡಕಾಡಿದರು. ಕಂಬದಜ್ಜ ತನ್ನ ಉದ್ದಕ್ಕೂ ಕೆಮ್ಮಿದ.

"ಅಮ್ಮಾ, ಸಾಕು!"

"ಸಾಕಾದರೆ ನಡಿ."

"ಕಣ್ಣು ಉರೀತಿದೆ. ನನ್ನನ್ನ ಓಡಿಸ್ತಿದೀರಾ?"

"ಹೌದು."

"ನಾನೇನು ತಪ್ಪು ಮಾಡ್ದೆ?"

"ನೀನು ಏನೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅದೇ ತಪ್ಪು. ನಡಿ."

ಹುಡುಗಿ ಅವಳ ಮುಖ ನೋಡಿದಳು. ಕಡವಿನಮ್ಮ ಮುಖವನ್ನು ಬಂಡೆಯಂತೆ ಇಟ್ಟುಕೊಂಡಿದ್ದಳು. ಕಣ್ಣಿನಲ್ಲಿ ನೀರಿತ್ತು, ಹೊಗೆಯ ಮುಂದೆ ಯಾರ ಕಣ್ಣಿನಲ್ಲಾದರೂ ನೀರಿರುತ್ತದೆ. ಹುಡುಗಿ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಆಮೇಲೆ ನೀರಿಗಿಳಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಆಚೆ ದಡದಲ್ಲಿ ನಿಂತು, ಅಳುತ್ತಾ, ಕೆಮ್ಮುತ್ತಾ ಕೂಗಿದಳು:

"ಥೂ! ಗಬ್ಬು ಒಲೆ! ಗಬ್ಬು ಬಂಡೆ! ನಿಮ್ಮಂಥ ಕೆಟ್ಟ ಮುದುಕೀನ ನಾನು ಎಲ್ಲೂ..."

ಮಾತು ಅರ್ಧಕ್ಕೆ ನಿಂತಿತು. ಅವಳ ಹತ್ತು ಬೆರಳುಗಳೂ ತಾವಾಗಿ ಹರಡಿಕೊಂಡವು. ತಲೆ ಪಕ್ಕಕ್ಕೆ ತಿರುಗಿತು.

"ಯಾರೋ ರಾಗಿ ಕಾಯಿಸ್ತಿದಾರೆ," ಎಂದಳು. ಅದನ್ನು ಕಡವಿನಮ್ಮನಿಗೆ ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಮಂಜಿನೊಳಗೆ ಹೋಗಿಬಿಟ್ಟಳು.

ಒಲೆಯ ಮರೆಯ ಸಿಂಬಿ ತಿರುಗತೊಡಗಿತು.

ಕಡವಿನಮ್ಮ ಮೊದಲು ಸಾಂಬ್ರಾಣಿಯ ಮುಚ್ಚಳ ತೆಗೆದಳು. ಈಚೆ ದಡದವರು ಕಾದಿದ್ದರು. ಆಮೇಲೆ ಸಿಂಬಿಯ ಮುಂದೆ ಮಂಡಿಯೂರಿ ಕುಳಿತಳು. ನೂಲು ಸುತ್ತು ಸುತ್ತಾಗಿ ಬಿಚ್ಚಿ ಬಂಡೆಯಂಚಿನಿಂದ ಹಾರಿ ಮಂಜಿನೊಳಗೆ ಓಡುತ್ತಿತ್ತು. ಒಂದು ಸಿಕ್ಕು ಬಿದ್ದರೆ ಸಾಕು, ಹುಡುಗಿ ಅಲ್ಲೇ ಎಡವಿ ನಿಲ್ಲುತ್ತಾಳೆ; ಈಗ ನಿಂತರೆ ಮತ್ತೆ ಏಳುವಷ್ಟು ಅವಳಲ್ಲಿ ಉಳಿದಿಲ್ಲ. ಆದರೆ ಸುತ್ತಿದವಳು ಕಡವಿನಮ್ಮ. ಒಂದು ಸುತ್ತು ಇನ್ನೊಂದನ್ನು ಕಚ್ಚಲಿಲ್ಲ. ಒಂದು ಎಳೆ ಇನ್ನೊಂದನ್ನು ದಾಟಲಿಲ್ಲ. ಬೇರೆಯವರು ನಡೆನಡೆದು ಬೆಳೆಸಬೇಕಾದ ನೂಲೆಲ್ಲ ಈ ಹುಡುಗಿಗೆ ಮೊದಲೇ ಬೆಳೆದು ಸಿದ್ಧವಾಗಿತ್ತು. ಹಗುರಾದವಳು ಓಡಿದ ಹಾಗೆ ಭಾರವಾದವರು ಓಡಲಾರರು. ಕಡವಿನಮ್ಮ ಎರಡು ಅಂಗೈಗಳ ನಡುವೆ ನೂಲನ್ನು ಮೃದುವಾಗಿ ಹಾಯಿಸುತ್ತಾ ಕುಳಿತಳು. ಅಂಗೈ ಬಿಸಿಯಾಯಿತು. ಸಿಂಬಿ ಮಣೆಯಷ್ಟಾಯಿತು, ಮಡಕೆ ಇಡುವಷ್ಟಾಯಿತು, ಬಳೆಯಷ್ಟಾಯಿತು.

ನಿಂತಿತು.

"ಅಜ್ಜ?"

"ತಡಿ ತಾಯಿ."

"ಏನಾಯಿತು?"

"ತಡೀಮ್ಮ, ಮಂಜಿದೆ. ಬಾಗಿಲಾಕೆ ಪಾತ್ರೆ ಹಿಡ್ಕೊಂಡು ಎದ್ದಿದಾಳೆ. ಚೆಲ್ಲೋಕೆ ಹೊರಟಿದಾಳೆ ಅನ್ನಿಸುತ್ತೆ. ಅಯ್ಯೋ, ಕಾಲ ಹತ್ರ ಏನೋ... ಯಾರೋ ಹೊಸ್ತಿಲ ಮೇಲೆ ಬಿದ್ದಿದಾರೆ. ಬಟ್ಟೆ ಬಿದ್ದ ಹಾಗೆ ಬಿದ್ದಿದಾಳೆ. ಎತ್ತಿದ್ಲು. ತೊಡೆ ಮೇಲೆ ಮಲಗಿಸ್ಕೊಂಡ್ಲು."

"ಆಮೇಲೆ?"

"ಆಮೇಲೇನು! ಬೈತಿದಾಳೆ. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ಯೇ, ತಳ ಹತ್ತಿದ್ದೇ ತಿನ್ನು ಈಗ ಅಂತಿದಾಳೆ. ಬೈತಾ ಬೈತಾ ಬಾಯಿಗಿಡ್ತಿದಾಳೆ."

"ಹುಡುಗಿ ಏನೆಂದಳು?"

"ಬಾಯಿ ತುಂಬ ತುತ್ತಿದೆ, ಮಾತೆಲ್ಲಿಂದ ಬರತ್ತೆ?" ಅಜ್ಜ ನಕ್ಕ. ನಗು ಅವನ ಬೆನ್ನಿನುದ್ದಕ್ಕೂ ಇಳಿದು ಬಂತು. "ನುಂಗಿದ ಮೇಲೆ ಅಂದ್ಲು, ನನ್ನ ಬಟ್ಟೆ ನಾತ ಹೊಡೀತಿದೆ ಕ್ಷಮಿಸಿ, ದಾರೀಲಿ ಒಂದು ಕೆಟ್ಟ ಮುದುಕಿ ಇದಾಳೆ ಅಂತ."

ಕಡವಿನಮ್ಮ ಸೆರಗನ್ನು ಸರಿಮಾಡಿಕೊಂಡಳು. ಬೆನ್ನನ್ನು ನೆಟ್ಟಗೆ ಮಾಡಿದಳು. "ಮೂಗು ಸರಿಯಾಗಿದೆ," ಎಂದಳು.

ಅದೇ ಹೊತ್ತಿಗೆ ಅವಳ ಅಂಗೈಯಲ್ಲಿದ್ದ ನೂಲು ಬಿಗಿಯಾಯಿತು. ಆಚೆ ಚಿಲಕಕ್ಕೆ ಗಂಟು ಬಿದ್ದಿತ್ತು. ನೂಲು ತಾನಾಗಿಯೇ ಟುಂಯ್ ಎಂದಿತು. ಅದು ಅಂಗಳದ ಗೂಟಕ್ಕೆ ಹೇಳಿದ ಮಾತು. ಕಡವಿನಮ್ಮ ಕೈ ಬಿಟ್ಟಳು.

ಆಮೇಲೆ ಬಹಳ ಜನ ಬಂದರು, ಬಹಳ ಜನ ಬೈದು ಹೋದರು. ಕಡವಿನಮ್ಮ ಒಂದು ಮಾತು ಹೆಚ್ಚು ಆಡಲಿಲ್ಲ. ಕೆಲವರು ಬಾಗಿಲು ಮುಟ್ಟಿದರು, ಕೆಲವರು ಮುಟ್ಟಲಿಲ್ಲ. ಮುಟ್ಟದವರ ನೂಲನ್ನು ಊರು ತನ್ನ ಮಣ್ಣಿಗೆ ಸೇರಿಸಿಕೊಂಡಿತು. ಬಂಡೆಯ ಮೇಲೆ ಹಾದುಹೋದ ನೂಲುಗಳು ಒಂದರ ಪಕ್ಕ ಒಂದು ಸೇರಿ ಮೊದಲು ಜಡೆಯಂತೆ, ಆಮೇಲೆ ಸೇತುವೆಯಂತೆ ಆದವು. ಅವುಗಳ ನಡುವೆ ಹುಡುಗಿಯ ನೂಲು ಯಾವುದೆಂದು ಕಡವಿನಮ್ಮನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬೇಕಾದ್ದೂ ಇರಲಿಲ್ಲ.

ಬರುವವರು ಕಡಿಮೆಯಾದರು. ಆಮೇಲೆ ನಿಂತರು.

"ಎಲ್ಲ ಮುಗೀತು ಅಂತ ಕಾಣತ್ತೆ ತಾಯಿ," ಎಂದ ಕಂಬದಜ್ಜ. "ಇನ್ನು ನನ್ನ ಬೆನ್ನು ಹಿಡಿಯೋರು ಯಾರೂ ಇಲ್ಲ. ನಾನಿನ್ನು ಕೂತ್ಕೊಳ್ತೀನಿ."

"ಕೂರುವುದಕ್ಕೆ ನಿನಗೆ ಬರುತ್ತದೆಯೇ?"

"ಕಲೀತೀನಿ. ನೂಲುಗಳಿಗೆ ನೀರು ನೆರಳು ನೋಡ್ಕೊಳ್ಳೋರು ಒಬ್ಬರು ಬೇಕಲ್ಲ."

ಅವನು ಅಂಚಿನಿಂದ ತಲೆಯನ್ನೂ ಅಂಗಳದಿಂದ ಕಾಲನ್ನೂ ಮೆಲ್ಲಗೆ ಎಳೆದುಕೊಂಡು, ಮುದುರಿ, ಕೈಗಳನ್ನು ಸುತ್ತಲೂ ನಕ್ಷತ್ರದ ಹಾಗೆ ಚಾಚಿ ನೂಲುಗಳ ನಡುವೆ ಕುಳಿತ. "ಅಬ್ಬಾ," ಎಂದ. "ಕೂರೋದು ಇಷ್ಟು ಸುಖಾನಾ? ಯಾರೂ ಹೇಳಿರಲಿಲ್ಲ."

ಕಡವಿನಮ್ಮನಿಗೆ ಕೂರುವ ಕೆಲಸ ಇರಲಿಲ್ಲ. ಕಡವಿನವರು ಊರು ಎಚ್ಚರವಾಗುವ ಹೊತ್ತಿಗೆ ಹೊರಡಬೇಕು. ದಾಟುವವರಿಲ್ಲದ ಮೇಲೆ ಹೊಗೆ ಹಾಕಿದರೆ ಊರಿಗೇ ಕೆಮ್ಮು. ಅವಳಿಗೆ ಅದರಲ್ಲಿ ತಕರಾರಿರಲಿಲ್ಲ. ಅವಳು ಒಲೆ ಆರಿಸಿದಳು. ಬೂದಿ ತೆಗೆದು, ಆ ಬೂದಿಯಿಂದಲೇ ಎರಡು ಮಡಕೆಗಳನ್ನೂ ಉಜ್ಜಿ ತೊಳೆದು, ಒಂದರ ಪಕ್ಕ ಒಂದು ಬೋರಲು ಹಾಕಿದಳು. ತೊಳೆದ ಮೇಲೆ ಸಾಂಬ್ರಾಣಿಯ ಮಡಕೆ ಯಾವುದು, ಕಹಿಯ ಮಡಕೆ ಯಾವುದು ಎಂದು ಅವಳಿಗೂ ಗುರುತು ಹತ್ತಲಿಲ್ಲ. ಕಡ್ಡಿಯನ್ನು ಅವುಗಳ ಮುಂದೆ ನೇರವಾಗಿಟ್ಟಳು. ಸ್ವಲ್ಪ ಓರೆಯಾಗಿತ್ತು, ಮತ್ತೆ ಸರಿಮಾಡಿದಳು.

ಹೊಗೆಯಿಲ್ಲದ ಗಾಳಿಯಲ್ಲಿ ಅವಳ ಮೂಗು ಮೆಲ್ಲಗೆ ಎಚ್ಚರವಾಯಿತು. ಅವಳಿಗೆ ತನ್ನ ಸೆರಗಿನ ವಾಸನೆ ತಿಳಿಯಿತು. ಅದರಲ್ಲಿ ಎರಡೂ ಇದ್ದವು. ಎಣ್ಣೆ ಹಚ್ಚಿ ನೀರು ಹಾಕಿ ಬೆಚ್ಚಗೆ ಸುತ್ತಿ ಮಲಗಿಸಿದ ಹಾಗೆ. ಜೊತೆಗೆ ಬಾಣಂತಿ ಕೋಣೆಯ ಬಾಗಿಲಾಚೆ ಸುಡುವ ಬೆಳ್ಳುಳ್ಳಿ ಸಿಪ್ಪೆ. ಎರಡೂ ಸೇರಿದರೆ ಇಷ್ಟು ಚೆನ್ನಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹುಡುಗಿ ಹೇಳಿದ್ದು ಅರ್ಧ ಮಾತ್ರ ಎಂದುಕೊಂಡಳು. ಪಾಪ, ಆಗ ಅವಳಿಗೆ ಒಂದೇ ಹೊಳ್ಳೆ.

ಅವಳು ಬಂಡೆಯ ಮೇಲೆ, ನೂಲುಗಳಿಗೆ ತಾಗದಂತೆ ಕಾಲು ಮಡಿಸಿ, ಒರಗಿದಳು. ತುದಿಗಳಿಂದ ಮೆಲ್ಲಗೆ ಮಂಜಾಗತೊಡಗಿದಳು. ನೋವಿರಲಿಲ್ಲ.

ಆಗ ಒನಕೆಯ ಸದ್ದು ದೂರವಾಯಿತು. ಮಂಜು ಅಲುಗಿತು. ಊರು ಹಿಂದೆಂದೂ ಇಲ್ಲದ ಹಾಗೆ ಒಮ್ಮೆ ಇಡಿಯಾಗಿ ಹೊರಳಿತು, ಎಲ್ಲ ಅಂಚುಗಳಲ್ಲಿ ಒಂದೇ ಸಲ ತಂಪು ಬಡಿಯಿತು, ಮತ್ತು ಊರು ಮೊದಲ ಉಸಿರೆಳೆದು ಕೂಗಿತು. ಊರಿನ ಹೊರಗೆ ಯಾರೋ ನಕ್ಕರು, ಯಾರೋ ಅತ್ತರು. ಎಲ್ಲಿಂದಲೋ, ಹೊರಗಿನಿಂದ, ಸಾಂಬ್ರಾಣಿಯ ಹೊಗೆ ಬಂತು.

"ತಾಯಿ," ಎಂದ ಕಂಬದಜ್ಜ, "ಬೆಳಗಾಯಿತು ಅನ್ಸತ್ತೆ."

ಆಮೇಲೆ ಆ ಹೊರಗಿನವರು ಯಾರೋ ಒಂದು ಬೆರಳನ್ನು ಚಾಚಿ ಐದು ಓಣಿಯ ಕೇರಿಯ ನಡುವೆ ಇಟ್ಟರು.

ಕಡವಿನಮ್ಮನ ಮಗ್ಗುಲಲ್ಲಿ ನೂಲುಗಳು ಒಟ್ಟಿಗೇ ಮಿಡಿದವು. ಅವುಗಳ ನಡುವೆ ಒಂದು, ಅವಳಿಗೆ ಗೊತ್ತಿದ್ದ ಒಂದು, ಟುಂಯ್ ಎಂದಿತು. ಸುದ್ದಿ ಅವಳನ್ನು ಹಾದು ಹೋಯಿತು. ಅವಳಿಗೆ ಹೇಳಿದ ಸುದ್ದಿಯಲ್ಲ; ಅವಳ ಬಳಿ ಅದು ನಿಲ್ಲಲೂ ಇಲ್ಲ. ನಿಲ್ಲಬಾರದು. ಸೆರಗಿನ ಅಂಚೊಂದು ನೂಲಿಗೆ ತಾಗಿತ್ತು. ಅವಳು ಅದನ್ನು ಈಚೆಗೆ ಎಳೆದುಕೊಂಡಳು.

ಅಂಚಿನಲ್ಲಿ ಓಣಿಗಳು ಒಂದೊಂದಾಗಿ ಮಡಿದವು. ಎಲ್ಲಕ್ಕಿಂತ ಸಣ್ಣದು ಕೊನೆಯದಾಗಿ ಮಡಿಯಿತು, ಮತ್ತು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯಿತು.